ಸೀಸನ್ ಮುಗೀಲಿ

ತನ್ನ ಗಂಡ ತೀರಿಕೊಂಡರೆಂದು ಆಸ್ಪತ್ರೆಯಿಂದ ವತ್ಸಲಾ ಫೋನ್ ಮಾಡಿದಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸ್ಟವ್ ಆರಿಸಿ, ಅವಳು ನನ್ನ ಬಳಿ ಬಿಟ್ಟಿದ್ದ ಬೀಗದಕೈ ತೆಗೆದುಕೊಂಡು, ನಮ್ಮದೇ ಸಾಲಿನಲ್ಲಿರುವ ಅವರ ಟೌನ್‌ಹೌಸಿಗೆ ಹೋದೆ. ಬರುವವರಿಗೆ ಕೂರಲು ಜಾಗ ಮಾಡಬೇಕಿತ್ತು. ಬೇಸ್‌ಮೆಂಟಿನಲ್ಲಿ ಟಿವಿ ಇನ್ನೂ ಓಡುತ್ತಿತ್ತು. ಯಾವುದೋ ದೇಶದ ಹಸಿರು ಬಯಲು, ಪಿಸುಮಾತಿನಲ್ಲಿ ಕಾಮೆಂಟರಿ. ಆರಿಸಿ ಮೇಲೆ ಬಂದೆ. ಇಷ್ಟು ವರ್ಷದ ನೆರೆಯವರು ಹೋದರು, ಒಂದು ಹನಿ ಕಣ್ಣೀರಾದರೂ ಬಂದೀತು ಎಂದು ಸೋಫಾದ ಮೇಲೆ ಕೂತು ಕಾದೆ. ಬರಲಿಲ್ಲ. ಬಂದದ್ದು ಹೇಸಿಗೆ. ಅದು ನನಗೆ ಹೊಸದೂ ಅಲ್ಲ. ಅವರು ಬದುಕಿದ್ದಾಗ ಎದುರಿಗೆ ಬಂದರೆ ಏನಾಗುತ್ತಿತ್ತೋ ಅದೇ ಆಯಿತು.

ಆಮೇಲೆ ನಮ್ಮ ಕನ್ನಡ ಕೂಟದವರು ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದರು. ಪಕ್ಕದಲ್ಲೇ ಇದ್ದವರಲ್ಲವೇ, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದರು. ಅದು ನಿಜ. ಅದಕ್ಕೇ ಅವರು ಕೇಳಿದ್ದನ್ನು ಬರೆಯಲಾಗಲಿಲ್ಲ, ಇದನ್ನು ಬರೆದಿದ್ದೇನೆ.

ಅಮೆರಿಕದ ಈ ಮಾನ್ಮತ್ ಜಂಕ್ಷನ್ ಊರಿನಲ್ಲಿ ನಾವು ಮನೆ ಕೊಂಡಾಗ ಅವರು ಆಗಲೇ ಅಲ್ಲಿದ್ದರು. ಔಷಧಿ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ. ಎತ್ತರದ ಆಳು, ಇಸ್ತ್ರಿ ಮಾಡಿದ ಟೀ ಶರ್ಟು, ಯಾವಾಗಲೂ ಅರ್ಧ ಮುಚ್ಚಿದಂತಿರುವ ಕಣ್ಣು. ಕೈಕುಲುಕಿದರೆ ಕೈ ಬಿಡುತ್ತಿರಲಿಲ್ಲ; ನಮ್ಮ ಹೆಬ್ಬೆರಳನ್ನು ಸ್ವಲ್ಪ ತಿರುಗಿಸಿ, "ಹೀಗೆ ಹಿಡೀಬೇಕು, ನೋಡಿ" ಎನ್ನುತ್ತಿದ್ದರು. ಮಾತಾಡುವಾಗ ಉಗುರು ಕಚ್ಚುತ್ತಿದ್ದರು. ಕಚ್ಚಿದ ಚೂರನ್ನು ಕಾಫಿ ಸಾಸರಿನ ಅಂಚಿಗೆ ಇಡುತ್ತಿದ್ದರು. ಆ ಸಾಸರನ್ನು ವತ್ಸಲಾ ಎತ್ತಿಕೊಂಡು ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವಳ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ.

ಗಾಲ್ಫ್ ಅವರಿಗೆ ಅಂಟಿದ್ದು ಆಫೀಸಿನಿಂದ. ಮೇಲಿನವರೆಲ್ಲ ಆಡುತ್ತಾರೆ, ಆಡುವವರೆಲ್ಲ ಮೇಲೆ ಹೋಗುತ್ತಾರೆ ಎಂದು ಕಂಡುಕೊಂಡು ಅವರೂ ಕಲಿಯಲು ಹೋದರು. ಕಂಪನಿಯ ಔಟಿಂಗ್ ಒಂದರಲ್ಲಿ ಮೊದಲ ಹೊಡೆತಕ್ಕೇ ಕೋಲು ಕೈಯಿಂದ ಜಾರಿ ಹಾರಿಹೋಗಿ ಎಲ್ಲರೂ ನಕ್ಕರಂತೆ. ಇದನ್ನು ವತ್ಸಲಾ ನನಗೆ ಹೇಳಿದ್ದು. ಅವರು ಮತ್ತೆ ಯಾರೆದುರೂ ಆಡಲಿಲ್ಲ. ಮಗ ತೇಜಸ್‌ನ ಕೈಗೆ ಕೋಲು ಕೊಟ್ಟರು. ಮಗನಿಗೆ ಆಟ ಬರುತ್ತಿತ್ತು. ನಿಜಕ್ಕೂ ಚೆನ್ನಾಗಿ ಬರುತ್ತಿತ್ತು. ಅವನು ಬೆಳೆದದ್ದು ಹೇಗೆಂದು ಹೇಳಹೊರಟರೆ ಬೇರೆ ಕತೆಯಾಗುತ್ತದೆ. ನಮ್ಮ ಮನೆಯ ಮಕ್ಕಳ ಒಂದು ಹುಟ್ಟುಹಬ್ಬಕ್ಕೂ ಅವನು ಬರಲಿಲ್ಲ ಎಂದಷ್ಟೇ ಹೇಳಿದರೆ ಸಾಕು. ಕಾಲೇಜು ಮುಗಿಸಿ ಅವನು ವೃತ್ತಿ ಆಟಗಾರನಾದ. ವರ್ಷವಿಡೀ ಊರೂರು ಸುತ್ತಿ ಆಡುವ ಅಮೆರಿಕದ ದೊಡ್ಡ ಟೂರಿಗೆ ಸೇರುವುದು ಆಗಲಿಲ್ಲ. ಅರ್ಹತಾ ಪಂದ್ಯಗಳನ್ನು ಆಡಿ ಆಡಿ ಕಡೆಗೆ ಯೂರೋಪಿನ ಟೂರಿನಲ್ಲಿ ಒಂದು ವರ್ಷ ಆಡುವ ಹಕ್ಕು ಸಿಕ್ಕಿತು. ಅದಕ್ಕೆ ಕಾರ್ಡು ಎನ್ನುತ್ತಾರೆ.

ಆ ವಾರ ಅವರು ಸಾಲಿನ ಎಲ್ಲ ಮನೆಗೂ ಮೈಸೂರುಪಾಕು ಹಂಚಿದರು. ಆಗಲೇ ಕೆಲಸದಿಂದ ಬೇಗ ನಿವೃತ್ತಿ ತೆಗೆದುಕೊಂಡಿದ್ದರು. ಅಲ್ಲಿಂದ ಅವರ ಮನೆಗೆ ಬೇರೆಯದೇ ಕ್ಯಾಲೆಂಡರ್ ಬಂತು. ನವರಾತ್ರಿ, ಥ್ಯಾಂಕ್ಸ್‌ಗಿವಿಂಗ್ ಎಲ್ಲ ಹೋಗಿ, ಇದು ಕೀನ್ಯಾದ ವಾರ, ಇದು ಇಟಲಿಯ ವಾರ, ಇದು ಹಾಲೆಂಡಿನ ವಾರ ಎಂದಾಯಿತು. ಯೂರೋಪಿನ ಸೀಸನ್ ಎಂದು ಹೆಸರು, ಶುರುವಾಗುವುದು ಆಫ್ರಿಕಾದಲ್ಲಿ. ವಸಂತಕ್ಕೆ ಸ್ಪೇನು, ಇಟಲಿ, ಬೇಸಿಗೆಗೆ ಜರ್ಮನಿ, ಸ್ವೀಡನ್, ಬೇಸಿಗೆ ಕಳೆದ ಮೇಲೆ ಸ್ಕಾಟ್ಲೆಂಡ್, ಚಳಿ ಶುರುವಾಗುವ ಹೊತ್ತಿಗೆ ಮತ್ತೆ ಸ್ಪೇನು. ಇದೆಲ್ಲ ನನಗೆ ಗೊತ್ತಾದದ್ದು ಅವರಿಂದಲೇ. ಅಲ್ಲಿ ಮಧ್ಯಾಹ್ನವಾದರೆ ನಮಗೆ ಬೆಳಗಿನ ಕಾಫಿ ಹೊತ್ತು. ಗುರುವಾರ, ಶುಕ್ರವಾರ ಬೆಳಿಗ್ಗೆ ಅವರ ಬೇಸ್‌ಮೆಂಟಿನಿಂದ ಆ ಪಿಸುಮಾತಿನ ಕಾಮೆಂಟರಿ ಕೇಳಿಬರುತ್ತಿತ್ತು. ಟಿವಿಯಲ್ಲಿ ತೇಜಸ್ ಕಾಣುತ್ತಿದ್ದುದು ಅಪರೂಪ. ಕ್ಯಾಮೆರಾ ಮುಂದೆ ಇರುವವರ ಹಿಂದೆ ಹೋಗುತ್ತದೆ. ಹಾಗಾಗಿ ಅವರು ಟಿವಿಯನ್ನೂ ಫೋನಿನ ಸ್ಕೋರನ್ನೂ ಒಟ್ಟಿಗೆ ನೋಡುತ್ತ ಕೂತಿರುತ್ತಿದ್ದರು.

ಅವರ ಮಾತಿನಲ್ಲಿ ನಾನು ಗಮನಿಸಿದ ಒಂದು ಸಂಗತಿ. ತೇಜಸ್ ಚೆನ್ನಾಗಿ ಆಡಿದರೆ, "ನಾವು ಇವತ್ತು ನಾಲ್ಕು ಅಂಡರ್ ಹೊಡೆದ್ವಿ" ಎನ್ನುತ್ತಿದ್ದರು, ಅಂದರೆ ನಿಗದಿಗಿಂತ ನಾಲ್ಕು ಹೊಡೆತ ಕಡಿಮೆ. ಕೆಟ್ಟದಾಗಿ ಆಡಿದರೆ, "ಅವನು ಹಾಳು ಮಾಡ್ಕೊಂಡ." ನಾವು, ಅವನು. ಒಂದೇ ವಾಕ್ಯದಲ್ಲಿ ಎರಡೂ ಬಂದದ್ದುಂಟು. "ಹದಿನಾರನೇ ಹೋಲ್‌ವರೆಗೂ ನಾವು ಚೆನ್ನಾಗೇ ಇದ್ವಿ, ಆಮೇಲೆ ಅವನು ನೀರಿಗೆ ಹಾಕ್ದ."

ಉಳಿದ ಯಾವುದೇ ವಿಷಯ ಎತ್ತಿದರೂ ಅವರದು ಒಂದೇ ಉತ್ತರ: "ಸೀಸನ್ ಮುಗೀಲಿ." ಅಡುಗೆಮನೆಯ ನಲ್ಲಿ ಸೋರುತ್ತಿದೆ, ಸೀಸನ್ ಮುಗೀಲಿ. ವತ್ಸಲಾಳ ಅಕ್ಕ ಬೆಲ್‌ರೋಸಿನಲ್ಲಿ ಮಗಳ ಮದುವೆ ಇಟ್ಟುಕೊಂಡಿದ್ದಾರೆ, ಸೀಸನ್ ಮುಗೀಲಿ. ಮದುವೆಗೆ ವತ್ಸಲಾ ನಮ್ಮ ಕಾರಿನಲ್ಲಿ ಬಂದಳು.

ಜುಲೈ ನಾಲ್ಕರ ರಜೆ ಆ ವರ್ಷ ಶುಕ್ರವಾರ ಬಂದಿತ್ತು. ಎಲ್ಲರೂ ಮನೆಯಲ್ಲೇ ಇದ್ದುದರಿಂದ ಅವರು ಸಾಲಿನವರನ್ನೆಲ್ಲ ಮಧ್ಯಾಹ್ನದ ಊಟಕ್ಕೆ ಕರೆದರು. ಆ ವಾರ ಜರ್ಮನಿ. ಪಂದ್ಯ ನಾಲ್ಕು ದಿನದ್ದು. ಎರಡನೇ ದಿನ, ಅಂದರೆ ಶುಕ್ರವಾರ, ಅರ್ಧಕ್ಕಿಂತ ಹೆಚ್ಚು ಆಟಗಾರರನ್ನು ಉದುರಿಸುತ್ತಾರೆ. ಅದು ಕಟ್. ಉಳಿದವರು ಮಾತ್ರ ಶನಿವಾರ ಭಾನುವಾರ ಆಡುತ್ತಾರೆ. ತೇಜಸ್ ಉಳಿಯುತ್ತಾನೆ ಎಂಬ ಭರವಸೆಯಲ್ಲೇ ಅವರು ನಮ್ಮನ್ನೆಲ್ಲ ಕರೆದದ್ದು. ವತ್ಸಲಾ ಬಿಸಿಬೇಳೆಬಾತು ಮಾಡಿದ್ದಳು. ನಾವು ತಟ್ಟೆ ಹಿಡಿದು ಬೇಸ್‌ಮೆಂಟಿನಲ್ಲಿ ಕೂತಿದ್ದೆವು. ಕೊನೆಯ ಹೋಲಿನಲ್ಲಿ, ಗುಳಿಗೆ ಮೆಲ್ಲಗೆ ಉರುಳಿಸಬೇಕಾದ ಹತ್ತಿರದ ಒಂದು ಪಟ್ ತೇಜಸ್‌ಗೆ ತಪ್ಪಿಹೋಯಿತು. ಒಂದೇ ಹೊಡೆತದ ಅಂತರದಲ್ಲಿ ಕಟ್ ಕೈಬಿಟ್ಟುಹೋಯಿತು.

ಅವರು ನಾಲಿಗೆಯಿಂದ ಹಲ್ಲಿನ ಸಂದು ಚೀಪುತ್ತ ಕೂತಿದ್ದರು. ಆಮೇಲೆ ಫೋನ್ ತೆಗೆದು ಮಗನಿಗೆ ಕರೆ ಮಾಡಿದರು. ಸ್ಪೀಕರ್ ಹಾಕಿದರು.

"ಏನಾಯ್ತೋ?"

"ಸಾರಿ ಅಪ್ಪಾ."

"ಸಾರಿ ಯಾರಿಗೆ ಬೇಕು. ಏನಾಯ್ತು ಅಂತ ಕೇಳ್ದೆ. ಇಲ್ಲಿ ಎಲ್ಲ ಅಂಕಲ್, ಆಂಟಿ ಇದಾರೆ, ನಿನ್ನ ನೋಡೋಕೇ ಬಂದಿರೋದು. ಅವರಿಗೆ ಹೇಳು."

ಅತ್ತ ಕಡೆ ಉಸಿರು ಕೇಳಿಸಿತು. ಇಪ್ಪತ್ತಾರು ವರ್ಷದ ಗಂಡಸು. "ಐ ವಾಸ್ ಕೇರ್‌ಲೆಸ್" ಎಂದ.

"ಕೇಳಿಸ್ತಿಲ್ಲ ಅವರಿಗೆ. ಜೋರಾಗಿ ಹೇಳು. ಕನ್ನಡದಲ್ಲಿ ಹೇಳು."

"ನಾನು... ಗಮನ ಕೊಡಲಿಲ್ಲ."

"ಇನ್ನೊಂದ್ಸಲ."

ನಾನು ತಟ್ಟೆಯನ್ನು ಕಾರ್ಪೆಟ್ ಮೇಲೇ ಇಟ್ಟು ಎದ್ದೆ. "ಫೋನ್ ಇಡಿ" ಎಂದೆ. ಅವರು ನನ್ನತ್ತ ನೋಡಿ ನಕ್ಕರು. "ನೀವು ಕೂತ್ಕೊಳ್ಳಿ ಸುಮಾ ಅವರೇ, ಇದು ಆಟದ ವಿಷಯ" ಎಂದರು. ನಾನು ಮೆಟ್ಟಿಲು ಹತ್ತಿ ಬಂದುಬಿಟ್ಟೆ. ಅಡುಗೆಮನೆಯಲ್ಲಿ ವತ್ಸಲಾ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ತೊಳೆಯಲು ಅವಳ ಮುಂದೆ ಒಂದು ಪಾತ್ರೆಯೂ ಇರಲಿಲ್ಲ. ಕೆಳಗಿನ ಮಾತು ಕೇಳಿಸದಿರಲಿ ಎಂದು ನೀರಿನ ಸದ್ದು ಮಾಡಿಕೊಂಡಿದ್ದಳು.

ಅದೇ ತಿಂಗಳ ಕೊನೆಗೆ ಅವಳ ಎದೆಯಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಆಗಸ್ಟಿನಲ್ಲಿ ಆಪರೇಷನ್, ಸೆಪ್ಟೆಂಬರಿನಿಂದ ಕೀಮೋ. ಮಗನಿಗೆ ಹೇಳಕೂಡದು ಎಂದು ಅವರು ಆಜ್ಞೆ ಮಾಡಿದರು. ತೇಜಸ್ ಆಗ ಟೂರಿನ ವರ್ಷದ ಅಂಕಪಟ್ಟಿಯಲ್ಲಿ ಅಂಚಿನ ಹತ್ತಿರ ಇದ್ದ. ವರ್ಷದ ಕೊನೆಗೆ ಸ್ವಲ್ಪ ಮೇಲೇರಿದರೆ ಮರುವರ್ಷಕ್ಕೂ ಕಾರ್ಡು ಉಳಿಯುತ್ತದೆ, ಜಾರಿದರೆ ಎಲ್ಲ ಮೊದಲಿನಿಂದ. "ಈಗ ಹೇಳಿದ್ರೆ ಅವನ ಕಾನ್ಸಂಟ್ರೇಷನ್ ಹೋಗುತ್ತೆ" ಎಂದರಂತೆ. "ಸೀಸನ್ ಮುಗೀಲಿ."

"ನೀನು ಒಪ್ಪಿದೆಯಾ?" ಎಂದು ಅವಳನ್ನು ಕೇಳಿದೆ.

"ನಂಗೂ ಅವನು ಗೆಲ್ಲಲಿ ಅಂತ ಆಸೆ ಇದೆ ಕಣೇ" ಎಂದಳು. ಅದು ಸುಳ್ಳಲ್ಲ. ಅವಳೂ ಆ ಮನೆಯಲ್ಲೇ ಅಷ್ಟು ವರ್ಷ ಬದುಕಿದವಳು.

ಕೀಮೋಗೆ ಕೊಟ್ಟ ದಿನ ಶುಕ್ರವಾರ. ಅವರು ಆಸ್ಪತ್ರೆಗೆ ಫೋನ್ ಮಾಡಿ ಸೋಮವಾರಕ್ಕೆ ಬದಲಾಯಿಸಿ ಎಂದು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ. ಕಾರಣ ಕೇಳಿದ್ದಕ್ಕೆ ಮಗನ ಆಟ ಇದೆ ಎಂದರು. ಆ ಕಡೆಯ ಹೆಂಗಸು ಪಾಪ, ಚಿಕ್ಕ ಹುಡುಗನ ಶಾಲೆಯ ಆಟ ಎಂದುಕೊಂಡಿರಬೇಕು, ನಯವಾಗಿ ಮಾತಾಡಿ ಸೋಮವಾರ ಜಾಗ ಇಲ್ಲ ಎಂದಳು. ಫೋನ್ ಇಟ್ಟು ನನ್ನ ಕಡೆ ತಿರುಗಿ, "ಶುಕ್ರವಾರ ನಿಮಗೆ ವರ್ಕ್ ಫ್ರಮ್ ಹೋಮ್ ಅಲ್ವಾ?" ಎಂದರು. ಹೀಗೆ ವತ್ಸಲಾಳನ್ನು ಡ್ರೈವ್ ಮಾಡಿಕೊಂಡು ಹೋಗುವ ಕೆಲಸ ನನ್ನದಾಯಿತು. ನನಗೆ ಅದು ಭಾರವಾಗಿರಲಿಲ್ಲ. ಆದರೆ ಅವರು ಕೇಳಿದ ರೀತಿ ಇದೆಯಲ್ಲ, ಕಸದ ಡಬ್ಬಿ ರಸ್ತೆಗೆ ಇಟ್ಟುಬಿಡ್ತೀರಾ ಅನ್ನುವ ಹಾಗೆ.

ಕೂದಲು ಉದುರಿದ ಮೇಲೆ ವಿಡಿಯೋ ಕರೆಗಳದ್ದು ದೊಡ್ಡ ವ್ಯವಸ್ಥೆಯಾಯಿತು. ಅವರೇ ವಿಗ್ ತಂದರು. ಅದು ಅವಳಿಗೆ ದೊಡ್ಡದಾಗಿ ಹಣೆಗೆ ಜಾರುತ್ತಿತ್ತು. ಕಿಟಕಿಗೆ ಬೆನ್ನು ಮಾಡಿ ಕೂರಿಸುತ್ತಿದ್ದರು, ಮುಖ ಕತ್ತಲಾಗಿ ಕಾಣಲಿ ಎಂದು. ಫೋನನ್ನು ತಾವೇ ಹಿಡಿದು ದೂರ ನಿಲ್ಲುತ್ತಿದ್ದರು. "ಅಮ್ಮ, ಸಣ್ಣ ಆಗಿದೀಯ" ಎಂದು ತೇಜಸ್ ಹೇಳಿದರೆ, "ಡಯಟ್ ಕಣೋ" ಎಂದು ಇವರೇ ಉತ್ತರ ಕೊಡುತ್ತಿದ್ದರು. ಎರಡು ನಿಮಿಷಕ್ಕೆ, "ನೆಟ್‌ವರ್ಕ್ ಸರಿ ಇಲ್ಲ" ಎಂದು ಕತ್ತರಿಸಿ, ಹೊರಗೆ ಹೋಗಿ ಆಟದ ಮಾತು ಮುಂದುವರಿಸುತ್ತಿದ್ದರು. ಹೊರಗೆ ನೆಟ್‌ವರ್ಕ್ ಚೆನ್ನಾಗಿಯೇ ಇರುತ್ತಿತ್ತು.

ಅವರಲ್ಲಿ ಒಳ್ಳೆಯದೇನೂ ಇರಲಿಲ್ಲವೇ ಎಂದರೆ, ಒಂದು ಬೆಳಗಿನ ಮಾತು ಹೇಳಬೇಕು. ಅಂದು ಸ್ಕಾಟ್ಲೆಂಡಿನ ಪಂದ್ಯ. ವತ್ಸಲಾಳಿಗೆ ಗಂಜಿ ತೆಗೆದುಕೊಂಡು ಹೋಗಿದ್ದೆ. ಅವರು ಕೆಳಗಿನಿಂದ ನನ್ನನ್ನು ಕರೆದರು. ಟಿವಿಯಲ್ಲಿ ಸಮುದ್ರದ ದಂಡೆಯ ಮೈದಾನ, ಒಂದು ಮರವಿಲ್ಲ, ಗಾಳಿಗೆ ಹುಲ್ಲೆಲ್ಲ ಒಂದೇ ಕಡೆ ಮಲಗಿತ್ತು. ಅಪರೂಪಕ್ಕೆ ತೇಜಸ್ ತೆರೆಯ ಮೇಲಿದ್ದ. "ನೋಡಿ ಸುಮಾ ಅವರೇ, ಹುಲ್ಲು ಯಾವ ಕಡೆ ಬಾಗಿದೆ. ಧ್ವಜ ಅಲ್ಲಿದೆ, ಆದರೆ ಅಲ್ಲಿಗೆ ಹೊಡೀಬಾರದು. ಸಮುದ್ರದ ಮೇಲಕ್ಕೆ ಹೊಡೀಬೇಕು. ಗಾಳಿ ವಾಪಸ್ ತಂದುಕೊಡುತ್ತೆ. ಅದಕ್ಕೆ ಧೈರ್ಯ ಬೇಕು" ಎಂದರು. ದನಿ ಮೆತ್ತಗಾಗಿತ್ತು. ತೇಜಸ್ ಹೊಡೆದ. ಚೆಂಡು ನೀರಿನ ಮೇಲೆ ಹೋಗಿ, ಬಾಗಿ, ಮರಳಿ ಬಂದು ಹಸಿರಿನ ಮೇಲೆ ಬಿತ್ತು. ನಾನು ನೋಡಿದ ಚೆಂದದ ಸಂಗತಿಗಳಲ್ಲಿ ಅದೂ ಒಂದು. ಅವರು ಎದ್ದು ಹೋಗಿ ಬೆರಳ ತುದಿಯಿಂದ ಪರದೆ ಮುಟ್ಟಿದರು. ಕಣ್ಣು ಒದ್ದೆಯಾಗಿತ್ತು.

ಆಗಲೇ ಮೇಲಿನ ಬಾತ್‌ರೂಮಿನಿಂದ ವತ್ಸಲಾ ವಾಂತಿ ಮಾಡುವ ಸದ್ದು ಕೇಳಿಸಿತು. ಅವರಿಗೂ ಕೇಳಿಸಿತು. ರಿಮೋಟ್ ತೆಗೆದುಕೊಂಡು ವಾಲ್ಯೂಮ್ ಏರಿಸಿದರು. ನಾನು ಮೇಲೆ ಓಡಿದೆ. ಅವಳ ಬೆನ್ನು ಸವರುತ್ತ ಕೂತಿದ್ದಾಗ ಕೆಳಗಿನ ಚಪ್ಪಾಳೆ ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಅಕ್ಟೋಬರಿನ ಒಂದು ಶುಕ್ರವಾರ ಸ್ಪೇನಿನ ಪಂದ್ಯ. ಕಾರ್ಡು ಉಳಿಯುವುದೋ ಹೋಗುವುದೋ ಅದರಲ್ಲೇ ತೀರ್ಮಾನವಾಗುವುದಿತ್ತು. ಆಸ್ಪತ್ರೆಯಲ್ಲಿ ಔಷಧಿ ಹನಿಯಲು ಶುರುವಾದ ಸ್ವಲ್ಪ ಹೊತ್ತಿಗೆ ವತ್ಸಲಾಳ ಮುಖ ಕೆಂಪಾಯಿತು, ಹಲ್ಲು ಕಟಕಟ ಎನ್ನುವಷ್ಟು ನಡುಕ ಬಂತು, ಉಸಿರು ಸಿಕ್ಕಿಕೊಂಡಿತು. ನರ್ಸುಗಳು ಓಡಿಬಂದರು, ನನ್ನನ್ನು ಹೊರಗೆ ಕಳಿಸಿದರು. ಒಬ್ಬಳು ಅವರ ನಂಬರಿಗೆ ಕರೆ ಮಾಡಿದಳು. ಎತ್ತಲಿಲ್ಲ. ನಾನು ಮಾಡಿದೆ. ಎತ್ತಲಿಲ್ಲ. ನನ್ನ ಫೋನಿನಿಂದ ಮೆಸೇಜ್ ಕಳಿಸಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ದೇವರು ದೊಡ್ಡವನು, ಬೇರೆ ಔಷಧಿ ಕೊಟ್ಟ ಮೇಲೆ ಅವಳು ಸುಧಾರಿಸಿಕೊಂಡಳು. ಎಚ್ಚರ ತಿಳಿದ ಮೇಲೆ ಕೇಳಿದ ಮೊದಲ ಮಾತು, "ಅವರು ಬಂದ್ರಾ?"

"ಇಲ್ಲ."

"ಫೋನ್ ಮಾಡಿದ್ರಾ?"

ಇಲ್ಲವೆಂದು ತಲೆಯಾಡಿಸಿದೆ. ಅವಳು ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ ಮೇಲೆ, "ನಿಮ್ಮನೆಗೆ ಹೋಗೋಣ. ತೇಜುಗೆ ಫೋನ್ ಮಾಡ್ಬೇಕು" ಎಂದಳು.

ನಮ್ಮ ಅಡುಗೆಮನೆಯ ಟೇಬಲ್ಲಿನಲ್ಲಿ, ಬೆಳಕಿಗೆ ಎದುರಾಗಿ ಕೂತಳು. ತಲೆಯ ಸ್ಕಾರ್ಫ್ ಬಿಚ್ಚಿ ಮಡಿಸಿ ಪಕ್ಕಕ್ಕಿಟ್ಟಳು. ನನ್ನ ಫೋನಿನಿಂದ ವಿಡಿಯೋ ಕರೆ ಮಾಡಿದಳು. ಸ್ಪೇನಿನಲ್ಲಿ ಆಗ ರಾತ್ರಿ ಊಟದ ಹೊತ್ತು. ತೇಜಸ್ ಹೋಟೆಲ್ ಕೋಣೆಯಲ್ಲಿ ಏನೋ ತಿನ್ನುತ್ತಿದ್ದ. "ಆಂಟಿ, ಹಾಯ್. ಐ ಮೇಡ್ ದ ಕಟ್. ಐ ಆಮ್ ಸಿಕ್ಸ್ತ್..." ಎನ್ನುತ್ತಲೇ ಪರದೆಯಲ್ಲಿರುವುದು ಯಾರೆಂದು ನೋಡಿದ. ಬಾಯಲ್ಲಿದ್ದುದನ್ನು ನುಂಗಲಿಲ್ಲ.

"ಕ್ಯಾನ್ಸರ್ ಕಣೋ" ಎಂದಳು ವತ್ಸಲಾ. "ಆಗಸ್ಟಲ್ಲಿ ಆಪರೇಷನ್ ಆಯ್ತು. ಈಗ ಕೀಮೋ ನಡೀತಿದೆ. ಡಾಕ್ಟರು ಹುಷಾರಾಗ್ತೀರ ಅಂತಾರೆ. ಇವತ್ತು ಸ್ವಲ್ಪ ಭಯ ಆಯ್ತು, ಅದಕ್ಕೆ ಹೇಳಿದೆ."

ತೇಜಸ್ ಫೋನನ್ನು ಮುಖಕ್ಕೆ ಹತ್ತಿರ ತಂದುಕೊಂಡ. ಆಮೇಲೆ, "ಅಪ್ಪಂಗೆ ಗೊತ್ತಾ?" ಎಂದು ಕೇಳಿದ.

ಅವನು ಕೇಳಿದ್ದು ಅದನ್ನು. ಅಪ್ಪನಿಗೆ ಗೊತ್ತಿದ್ದರೆ ತನಗೆ ಹೇಳದೆ ಇರುತ್ತಿರಲಿಲ್ಲ ಎಂಬ ನಂಬಿಕೆ ಆ ಹುಡುಗನಲ್ಲಿ ಇನ್ನೂ ಉಳಿದಿತ್ತು. ವತ್ಸಲಾ, "ಗೊತ್ತು" ಎಂದಳು. ಅವನು ತಲೆ ಬಗ್ಗಿಸಿದ. ಅವನ ನೆತ್ತಿ ಮಾತ್ರ ನಮಗೆ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಸ್ಕೋರು ಪಟ್ಟಿಯಲ್ಲಿ ಅವನ ಹೆಸರು ಆರನೇ ಜಾಗದಿಂದ ಮಾಯವಾಗಿ ತೀರ ಕೆಳಗೆ, ಪಂದ್ಯದಿಂದ ಹಿಂದೆ ಸರಿದವರ ಜೊತೆ ಇತ್ತು. ಅವರು ನಮ್ಮ ಬಾಗಿಲು ಬಡಿದರು. ಬರಿಗಾಲು, ಕೈಯಲ್ಲಿ ಫೋನು. "ಇದೇನೋ ಎರರ್ ಇರಬೇಕು, ನಿಮ್ಮ ಫೋನಲ್ಲಿ ಸ್ವಲ್ಪ ನೋಡ್ತೀರಾ?" ಎಂದರು. ನನ್ನ ಫೋನಿನಲ್ಲೂ ಹಾಗೇ ಇತ್ತು. ತೋರಿಸಿದೆ. ಅವರ ತುಟಿ ಬಿಳಿಚಿಕೊಂಡಿತು. ಮಗನಿಗೆ ಏನಾಯಿತೋ, ಪೆಟ್ಟಾಯಿತೋ, ಜ್ವರವೋ ಎಂದು ಅವರು ಕೇಳುತ್ತಾರೆಂದು ಕಾದೆ. "ಹೋಯ್ತು, ಕಾರ್ಡ್ ಹೋಯ್ತು" ಎಂದುಕೊಂಡು ವಾಪಸ್ ಹೋದರು.

ಸಂಜೆ ನೂವರ್ಕ್ ಏರ್‌ಪೋರ್ಟಿನಿಂದ ತೇಜಸ್‌ನನ್ನು ಕರೆತಂದವಳು ನಾನೇ. ಬಾಗಿಲು ತೆರೆದದ್ದು ಅವರು. ಒಂದು ವರ್ಷದ ಮೇಲೆ ಮನೆಗೆ ಬಂದ ಮಗನಿಗೆ ಹೇಳಿದ ಮೊದಲ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಇನ್ನೂ ಎರಡು ರೌಂಡ್ ಇತ್ತಲ್ಲೋ."

ತೇಜಸ್ ಬ್ಯಾಗ್ ಕೆಳಗಿಟ್ಟು, ಅವರನ್ನು ದಾಟಿ ಒಳಗೆ ಹೋಗಿ, ಸೋಫಾದ ಮೇಲೆ ಮಲಗಿದ್ದ ಅಮ್ಮನ ಪಕ್ಕ ನೆಲದ ಮೇಲೆ ಕೂತ. ಅವಳ ಅಂಗೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡ. ನಾನು ಹೊರಟುಬಂದೆ.

ಆ ಚಳಿಗಾಲದಲ್ಲಿ ಒಂದು ದಿನ ನಾನು ಡ್ರೈವ್‌ವೇಯಲ್ಲಿ ಹಿಮ ಬಾಚಿ ತೆಗೆಯುತ್ತಿದ್ದಾಗ ಅವರು ಬಂದು ನಿಂತರು. ಸಲಿಕೆ ಕೈಯಲ್ಲಿತ್ತು, ಆದರೆ ಕೆಲಸಕ್ಕೆ ಬಂದಿರಲಿಲ್ಲ.

"ನಿಮ್ಮ ಫೋನಿಂದಾನೇ ತಾನೆ ಅವಳು ಮಾತಾಡಿದ್ದು?"

"ಹೌದು."

"ಆ ವಾರ ನಾವು ಆರನೇ ಜಾಗದಲ್ಲಿದ್ವಿ. ಹಾಗೇ ಮುಗಿಸಿದ್ದರೆ ಇನ್ನೊಂದು ವರ್ಷ ಸಿಗ್ತಿತ್ತು. ಅದು ನಿಮಗೆ ಗೊತ್ತಾ?"

"ಅವತ್ತು ವತ್ಸಲಾಗೆ ಏನಾಯ್ತು ಅಂತ ನಿಮಗೆ ಗೊತ್ತಾ?" ಎಂದೆ. "ನಾನು ಕಳಿಸಿದ ಮೆಸೇಜ್ ಓದಿದ್ರಲ್ಲ."

"ಅಲ್ಲಿ ಡಾಕ್ಟರು ಇದ್ದರಲ್ಲ" ಎಂದರು. "ಇಲ್ಲಿ ಅವನಿಗೆ ಯಾರಿದ್ದರು?"

ಅವರ ಮುಖ ನೋಡಿದೆ. ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿ ನಂಬಿದ್ದರು. ಮೂರು ಸಾವಿರ ಮೈಲಿ ಆಚೆ ಆಡುತ್ತಿದ್ದವನಿಗೆ ತಾವು ಪರದೆಯ ಮುಂದೆ ಕೂತಿರುವುದೇ ಆಸರೆ ಎಂದು. ಎದ್ದು ಹೋದರೆ ಚೆಂಡು ತಪ್ಪುತ್ತದೆ ಎಂದು. ಅದು ತಿಳಿದ ಮೇಲೆ ನನ್ನ ಹೇಸಿಗೆ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ನಾನು ಹಿಮ ಬಾಚುವುದನ್ನು ಮುಂದುವರಿಸಿದೆ.

ವತ್ಸಲಾ ಹುಷಾರಾದಳು. ಕೂದಲು ಮತ್ತೆ ಬಂತು, ಈ ಸಲ ಗುಂಗುರಾಗಿ. ತೇಜಸ್ ಮತ್ತೆ ಟೂರಿಗೆ ಹೋಗಲಿಲ್ಲ. ಲಾಂಗ್ ಐಲೆಂಡಿನ ಒಂದು ಕ್ಲಬ್ಬಿನಲ್ಲಿ ಪಾಠ ಹೇಳಿಕೊಡುವ ಕೆಲಸಕ್ಕೆ ಸೇರಿದ. ವಾರಕ್ಕೊಮ್ಮೆ ಬರುವಾಗ ಬೆಲ್‌ರೋಸಿನ ಅಂಗಡಿಗಳಿಂದ ಅಮ್ಮನಿಗೆ ಎಳೆ ಬದನೆಕಾಯಿ, ದೋಸೆ ಹಿಟ್ಟು ತರುತ್ತಿದ್ದ. ಅವನು ಬಂದನೆಂದರೆ ಅಪ್ಪ ಬೇಸ್‌ಮೆಂಟಿಗೆ ಇಳಿಯುತ್ತಿದ್ದರು. ಆಮೇಲೆ ಅವರು ಮಗನ ಜೊತೆ ಮಾತೇ ಆಡಲಿಲ್ಲ. ಕೇಳಿದವರಿಗೆಲ್ಲ, "ಹೆಂಗಸರ ಬುದ್ಧಿ, ಏನ್ ಮಾಡೋದು" ಎನ್ನುತ್ತಿದ್ದರು.

ಸೀಸನ್ ಮಾತ್ರ ನಿಲ್ಲಲಿಲ್ಲ. ಕೀನ್ಯಾದ ವಾರ, ಇಟಲಿಯ ವಾರ, ಅದೇ ಪಿಸುಮಾತು. ಮಗನೇ ಇಲ್ಲದ ಪಂದ್ಯಗಳನ್ನು ಏಕೆ ನೋಡುತ್ತಾರೆಂದು ನನಗೆ ತಿಳಿದಿರಲಿಲ್ಲ. ಒಂದು ದಿನ ಅಂಚೆ ಡಬ್ಬಿಯ ಹತ್ತಿರ ಸಿಕ್ಕಿ, ಮುಖ ಅರಳಿಸಿಕೊಂಡು, "ನಾವು ಇವತ್ತು ಮೂರನೇ ಜಾಗ" ಎಂದರು. ನಾನು ಗಾಬರಿಯಾಗಿ, "ತೇಜಸ್ ಮತ್ತೆ ಆಡ್ತಿದಾನಾ?" ಎಂದೆ. ಅಲ್ಲವಂತೆ. ಯಾರೋ ಡೆನ್ಮಾರ್ಕಿನ ಹುಡುಗ. ಒಳ್ಳೆಯ ಸ್ವಿಂಗ್ ಇದೆಯಂತೆ, ಹೇಳಿದ ಮಾತು ಕೇಳುವ ಹುಡುಗನ ಹಾಗೆ ಕಾಣುತ್ತಾನಂತೆ. ಅಂಚೆ ತೆಗೆದುಕೊಳ್ಳದೆ ಒಳಗೆ ಬಂದೆ.

ಈ ವಸಂತದಲ್ಲಿ ಅವರಿಗೆ ಹೃದಯಾಘಾತವಾಯಿತು. ಆಸ್ಪತ್ರೆಯಲ್ಲಿ ತೇಜಸ್ ಅವರ ಪಕ್ಕದಿಂದ ಕದಲಲಿಲ್ಲವಂತೆ. ನಡುವೆ ಒಮ್ಮೆ ಕಣ್ಣು ಬಿಟ್ಟು, ಈ ವಾರ ಯಾರು ಮುಂದಿದ್ದಾರೆ ಎಂದು ನರ್ಸನ್ನು ಕೇಳಿದರಂತೆ. ಅವಳಿಗೇನು ಗೊತ್ತು. ತೇಜಸ್ ತನ್ನ ಫೋನ್ ತೆಗೆದು, ಮೇಲಿನಿಂದ ಶುರುಮಾಡಿ ಒಂದೊಂದೇ ಹೆಸರು, ಒಂದೊಂದೇ ಸ್ಕೋರು ಓದಿದನಂತೆ. ಅವರು ಕೇಳುತ್ತ ಮತ್ತೆ ಕಣ್ಣು ಮುಚ್ಚಿದರಂತೆ. ಮಗನ ಕಡೆ ನೋಡಿದರಾ ಎಂದು ವತ್ಸಲಾಳನ್ನು ಕೇಳಿದೆ. ಅವಳು ಕಾಫಿ ಲೋಟ ತಿರುಗಿಸುತ್ತ, "ಫೋನ್ ಕಡೆ ನೋಡಿದ್ರು" ಎಂದಳು.

ದೇವಸ್ಥಾನದ ಹಾಲಿನಲ್ಲಿ ವೈಕುಂಠ ಸಮಾರಾಧನೆ. ಊಟವಾದ ಮೇಲೆ ಕೆಲವರು ಮೈಕ್ ಹಿಡಿದು ಮಾತಾಡಿದರು. ತ್ಯಾಗ ಎಂಬ ಪದ ಎಲ್ಲರ ಬಾಯಲ್ಲೂ ಬಂತು. ಮಗನಿಗಾಗಿ ಬದುಕಿದ ಮನುಷ್ಯ ಎಂದರು. ತೇಜಸ್‌ನನ್ನು ಕರೆದಾಗ ಅವನು ಎದ್ದು, "ಮೈ ಫಾದರ್ ವಾಚ್ಡ್ ಎವರಿ ಶಾಟ್ ಐ ಎವರ್ ಹಿಟ್. ಬಂದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್" ಎಂದು ಕೂತ. ಜನ ಚಪ್ಪಾಳೆ ತಟ್ಟಿದರು.

ಎಲ್ಲ ಮುಗಿದು ನಾವು ಉಳಿದ ಊಟ ಡಬ್ಬಿಗಳಿಗೆ ತುಂಬುತ್ತಿದ್ದಾಗ ಒಬ್ಬ ಮನುಷ್ಯ ತೇಜಸ್‌ನ ಹತ್ತಿರ ಬಂದ. ಪಿಸ್ಕಾಟವೇಯಲ್ಲಿ ಟೆಲಿಕಾಂ ಕಂಪನಿಯ ಎಂಜಿನಿಯರಂತೆ. ಅಂಕಲ್ ತನಗೆ ಗುರುವಿನ ಹಾಗೆ, ಮಗಳನ್ನು ಆಟಕ್ಕೆ ಹೇಗೆ ತಯಾರು ಮಾಡಬೇಕೆಂದು ಎಲ್ಲ ಹೇಳಿಕೊಟ್ಟಿದ್ದರು ಎಂದ. ಮಗಳಿಗೆ ಹದಿನೈದು. ಇವತ್ತೂ ಪ್ರಾಕ್ಟೀಸಿನಲ್ಲಿದ್ದಾಳೆ, ಅದಕ್ಕೇ ಕರೆತಂದಿಲ್ಲ. ಇನ್ನು ಮುಂದೆ ತೇಜಸ್ ಅವಳಿಗೆ ಕೋಚ್ ಆಗಬೇಕು ಎಂದ.

"ಅವಳಿಗೆ ಆಟ ಇಷ್ಟಾನಾ?" ತೇಜಸ್ ಕನ್ನಡದಲ್ಲೇ ಕೇಳಿದ.

"ಇಷ್ಟ ಆಗುತ್ತೆ. ಅಂಕಲ್ ಅದನ್ನೇ ಹೇಳ್ತಿದ್ರು, ಮೊದಲು ಗೆಲ್ಲಲಿ, ಇಷ್ಟ ತಾನಾಗೇ ಬರುತ್ತೆ ಅಂತ."

"ಹಾಗಾದ್ರೆ ಅವಳೇ ನಂಗೆ ಫೋನ್ ಮಾಡ್ಲಿ."

"ಅವಳ ಫೋನ್ ನನ್ನ ಹತ್ರಾನೇ ಇರುತ್ತೆ. ನಾನೇ ಮಾಡ್ತೀನಿ ಬಿಡಿ" ಎಂದು ಆತ ಜೇಬು ತಟ್ಟಿಕೊಂಡು ನಕ್ಕ.

ಪಕ್ಕದಲ್ಲಿ ಅನ್ನದ ಡಬ್ಬಿ ಮುಚ್ಚುತ್ತಿದ್ದ ವತ್ಸಲಾ ಕೈ ಒರೆಸಿಕೊಂಡು ಆ ಮನುಷ್ಯನ ಮುಂದೆ ಅಂಗೈ ಚಾಚಿದಳು. "ಕೊಡಿ ಇಲ್ಲಿ."

"ಏನು ಆಂಟಿ?"

"ಆ ಮಗು ಫೋನು."

ಗಂಡನ ಸಮಾರಾಧನೆಯ ದಿನ ಒಬ್ಬ ಹೆಂಗಸು ಕೇಳಿದರೆ ಇಲ್ಲ ಎನ್ನುವುದು ಹೇಗೆ. ಆತ ಜೇಬಿನಿಂದ ತೆಗೆದುಕೊಟ್ಟ. ನೇರಳೆ ಬಣ್ಣದ ಕವರು, ಹಿಂದೆ ಒಂದು ಬೆಕ್ಕಿನ ಚಿತ್ರ.

"ಎಲ್ಲಿ ಪ್ರಾಕ್ಟೀಸು?"

ಆತ ಪಿಸ್ಕಾಟವೇಯಲ್ಲಿ ಗಾಲ್ಫ್ ಅಭ್ಯಾಸ ಮಾಡುವ ಒಂದು ರೇಂಜಿನ ಹೆಸರು ಹೇಳಿದ. "ನಡೀರಿ, ಹೋಗೋಣ" ಎಂದು ವತ್ಸಲಾ ಸೀರೆಯ ಮೇಲೇ ಜಾಕೆಟ್ ಹಾಕಿಕೊಂಡು, "ಡ್ರೈವ್ ಮಾಡ್ತೀಯೇನೇ?" ಎಂದು ನನ್ನನ್ನು ಕೇಳಿದಳು. ಹಾಲಿನಲ್ಲಿ ಉಳಿದಿದ್ದವರೆಲ್ಲ ನೋಡುತ್ತಿದ್ದರು. ತೇಜಸ್ ಡಬ್ಬಿಗಳನ್ನು ಎತ್ತಿಕೊಂಡು ಮನೆಗೆ ಹೊರಟ. ನಾನು ಕಾರು ತೆಗೆದೆ. ಆ ಮನುಷ್ಯ ತನ್ನ ಕಾರಿನಲ್ಲಿ ಹಿಂದೆ ಬಂದ.

ರೇಂಜಿನ ಕೊನೆಯ ಮ್ಯಾಟಿನ ಮೇಲೆ ಆ ಹುಡುಗಿ ಒಬ್ಬಳೇ ನಿಂತು ಚೆಂಡು ಹೊಡೆಯುತ್ತಿದ್ದಳು. ತೆಳ್ಳನೆಯ ಮಗು, ಬೆರಳಿಗೆಲ್ಲ ಟೇಪು. ನಾವು ಹತ್ತಿರ ಹೋಗುವವರೆಗೂ ತಿರುಗಲಿಲ್ಲ. ವತ್ಸಲಾ ಅವಳ ಮುಂದೆ ಹೋಗಿ ಫೋನ್ ಚಾಚಿ, "ಇದು ನಿಂದು. ನೀನೇ ಇಟ್ಕೋ" ಎಂದಳು.

ಹುಡುಗಿ ಕೈ ಮುಂದೆ ತಂದಳು, ಆಮೇಲೆ ನಿಲ್ಲಿಸಿದಳು. ನಮ್ಮಿಬ್ಬರ ಹೆಗಲಾಚೆ, ಹಿಂದೆ ಬಂದು ನಿಂತಿದ್ದ ಅಪ್ಪನ ಮುಖ ನೋಡಿದಳು.

ವತ್ಸಲಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಹುಡುಗಿಗೆ ಅಪ್ಪ ಕಾಣದ ಹಾಗೆ ನಿಂತಳು. ಚಾಚಿದ ಕೈ ಹಾಗೇ ಇತ್ತು.